ಮಗುವಿನ ವಿಶೇಷ ಶಿಕ್ಷಣ ಸೌಲಭ್ಯವನ್ನು ಕೇಳಿ ಪಡೆಯುವುದು ಹೇಗೆ: ಕೊಡಗಿನ ಪೋಷಕರಿಗೆ ಸಮಗ್ರ ಮಾರ್ಗದರ್ಶಿ

ವಿಶೇಷ ಅಗತ್ಯವುಳ್ಳ ಮಗುವಿನ ತಂದೆತಾಯಿ ಶಾಲೆಗೆ ಹೋಗಿ ಏನಾದರೂ ಕೇಳಿದಾಗ ಸಿಗುವ ಉತ್ತರ ಬಹಳ ಸಲ ‘ನೋಡೋಣ’ ಎಂಬುದೇ ಆಗಿರುತ್ತದೆ. ಹಾಗೆ ಹೇಳುವ ಶಿಕ್ಷಕರಲ್ಲಿ ಹೆಚ್ಚಿನವರಿಗೆ ಮಗುವಿನ ಮೇಲೆ ಅಕ್ಕರೆ ಇಲ್ಲದಿಲ್ಲ. ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುವ ಒಳನಾಡಿನ ಶಾಲೆಯಲ್ಲಿ ಅವರಿಗೆ ಸಮಯವೂ ಸಾಲದು, ತರಬೇತಿಯೂ ಸಾಲದು. ಆದರೆ ‘ನೋಡೋಣ’ ಎಂಬ ಮಾತು ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ಅದನ್ನು ಆಡಿದವರು ವರ್ಗವಾಗಿ ಹೋದ ದಿನ ಅದೂ ಅವರೊಂದಿಗೆ ಹೋಗಿಬಿಡುತ್ತದೆ. ಒಂದನೇ ತರಗತಿಯಿಂದ ಎಸ್‌ಎಸ್‌ಎಲ್‌ಸಿವರೆಗೆ ಮಗುವಿನ ಜೊತೆ ಬದಲಾಗದೆ ಉಳಿಯುವವರು ಪೋಷಕರು ಮಾತ್ರ. ಆದ್ದರಿಂದ ಮಗುವಿಗೆ ಬೇಕಾದುದನ್ನು ನಿರ್ದಿಷ್ಟವಾಗಿ ಕೇಳಬೇಕು, ಬರೆದು ಕೇಳಬೇಕು, ಕೇಳಿದ್ದಕ್ಕೆ ಸ್ವೀಕೃತಿ ಪಡೆಯಬೇಕು. ಮುಂದೆ ವಿವರಿಸುವ ಎಲ್ಲ ಹಂತಗಳೂ ಈ ಮೂರನ್ನೇ ಆಧರಿಸಿವೆ.

ಆರಂಭದಲ್ಲೇ ಒಂದು ಎಚ್ಚರಿಕೆ ಅಗತ್ಯ. ಅಂತರ್ಜಾಲದಲ್ಲಿ ಸಿಗುವ ಸಲಹೆಗಳಲ್ಲಿ ಬಹುಪಾಲು ಅಮೆರಿಕದ ಕಾನೂನನ್ನು ಅನುಸರಿಸಿ ಬರೆದವು. ಅಲ್ಲಿ ವಿಶೇಷ ಶಿಕ್ಷಣಕ್ಕೆ ಅರ್ಹವಾದ ಪ್ರತಿ ಮಗುವಿಗೂ ಲಿಖಿತ ವೈಯಕ್ತಿಕ ಶಿಕ್ಷಣ ಯೋಜನೆ ಮಾಡುವುದು, ವರ್ಷಕ್ಕೊಮ್ಮೆಯಾದರೂ ಅದನ್ನು ಪರಿಶೀಲಿಸುವುದು, ಪೋಷಕರು ಒಪ್ಪದಿದ್ದರೆ ವಿಚಾರಣೆ ನಡೆಸುವುದು ಎಲ್ಲವೂ ಕಾನೂನಿನಲ್ಲೇ ಬಿಡಿಬಿಡಿಯಾಗಿ ಇದೆ. ನಮ್ಮ ಕಾನೂನು ಹಕ್ಕನ್ನು ಸ್ಪಷ್ಟವಾಗಿ ಕೊಟ್ಟಿದೆ, ಆದರೆ ಅದನ್ನು ಪಡೆಯುವ ದಾರಿಯನ್ನು ಅಷ್ಟು ವಿವರಿಸಿಲ್ಲ. ಆ ದಾರಿಯನ್ನು ಪೋಷಕರೇ ಒಂದೊಂದು ಅರ್ಜಿಯ ಮೂಲಕ ಮಾಡಿಕೊಳ್ಳಬೇಕಾಗುತ್ತದೆ.

ಮೊದಲ ಹಂತ: ಕಾನೂನು ಏನು ಕೊಟ್ಟಿದೆ ಎಂದು ತಿಳಿದುಕೊಳ್ಳುವುದು

ಎರಡು ಕಾಯ್ದೆಗಳು ಮುಖ್ಯ. ಮೊದಲನೆಯದು ಶಿಕ್ಷಣ ಹಕ್ಕು ಕಾಯ್ದೆ, 2009. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಹಾಗೂ ಕಡ್ಡಾಯ ಶಿಕ್ಷಣ ಕೊಡುವ ಈ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ವಿಕಲಚೇತನ ಮಕ್ಕಳ ಹಕ್ಕನ್ನು ಬಿಡಿಸಿ ಹೇಳಿತು. ಬಹುವಿಕಲತೆ ಅಥವಾ ತೀವ್ರ ವಿಕಲತೆ ಇರುವ ಮಕ್ಕಳು ಮನೆಯಲ್ಲೇ ಶಿಕ್ಷಣ ಪಡೆಯುವ ಆಯ್ಕೆಯನ್ನೂ ಕೊಟ್ಟಿತು. ಈ ಕಾಯ್ದೆಯ ಪ್ರಕಾರ ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ಪ್ರವೇಶಕ್ಕೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆಯ್ಕೆ ಮಾಡುವಂತಿಲ್ಲ, ಎಂಟನೇ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವಂತಿಲ್ಲ. ಹಾಡಿಗಳಿಂದ ಬರುವ ಮಕ್ಕಳಿಗೆ, ತೋಟದಿಂದ ತೋಟಕ್ಕೆ ಹೋಗುವ ಕಾರ್ಮಿಕರ ಮಕ್ಕಳಿಗೆ ವಯಸ್ಸಿನ ದಾಖಲೆಯ ವಿಷಯ ಬಹಳ ಉಪಯೋಗಕ್ಕೆ ಬರುತ್ತದೆ.

ಎರಡನೆಯದು 2017ರ ಏಪ್ರಿಲ್ 19ರಂದು ಜಾರಿಗೆ ಬಂದ ವಿಕಲಚೇತನರ ಹಕ್ಕುಗಳ ಕಾಯ್ದೆ, 2016. ಇದು ಗುರುತಿಸಿದ 21 ಬಗೆಯ ವಿಕಲತೆಗಳಲ್ಲಿ ಆಟಿಸಂ, ಬೌದ್ಧಿಕ ವಿಕಲತೆ, ಕಲಿಕಾ ನ್ಯೂನತೆ (ಬುದ್ಧಿ ಇದ್ದೂ ಓದು, ಬರಹ, ಲೆಕ್ಕದಲ್ಲಿ ಬರುವ ತೊಡಕು), ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ಚಲನೆಗೆ ಬರುವ ತೊಂದರೆ), ಮಾತು ಮತ್ತು ಭಾಷೆಯ ತೊಂದರೆ, ಥಲಸ್ಸೀಮಿಯಾ (ಒಂದು ರಕ್ತದ ಕಾಯಿಲೆ) ಎಲ್ಲವೂ ಸೇರಿವೆ. ಇದರ 16ನೇ ಸೆಕ್ಷನ್ನನ್ನು ಪೋಷಕರು ಓದಿ ಇಟ್ಟುಕೊಳ್ಳಲೇಬೇಕು. ತಾರತಮ್ಯವಿಲ್ಲದೆ ಪ್ರವೇಶ ಕೊಡುವುದು, ಕಟ್ಟಡ ಮತ್ತು ಆವರಣವನ್ನು ಮಗು ಬಳಸುವಂತೆ ಮಾಡುವುದು, ಮಗುವಿಗೆ ತಕ್ಕ ಹೊಂದಾಣಿಕೆ ಮಾಡಿಕೊಡುವುದು, ವೈಯಕ್ತಿಕ ಬೆಂಬಲ ನೀಡುವುದು, ಕಲಿಕಾ ನ್ಯೂನತೆಯನ್ನು ಬೇಗ ಪತ್ತೆಹಚ್ಚುವುದು, ಮಗುವಿಗೆ ಸಾರಿಗೆ ಒದಗಿಸುವುದು, ಹೆಚ್ಚಿನ ಬೆಂಬಲ ಬೇಕಾದ ಮಗುವಿನ ಜೊತೆಗಾರರಿಗೂ ಅದನ್ನು ಒದಗಿಸುವುದು ಇವೆಲ್ಲ ಅಲ್ಲಿ ಶಾಲೆಯ ಕರ್ತವ್ಯಗಳಾಗಿವೆ. ಸರ್ಕಾರದ ಅನುದಾನ ಪಡೆದ ಶಾಲೆಗಳಿಗೆ ಮಾತ್ರವಲ್ಲ, ಸರ್ಕಾರದ ಮಾನ್ಯತೆ ಪಡೆದ ಶಾಲೆಗಳಿಗೂ ಇದು ಅನ್ವಯಿಸುತ್ತದೆ. ಮಡಿಕೇರಿ, ಗೋಣಿಕೊಪ್ಪಲು, ಕುಶಾಲನಗರಗಳ ಖಾಸಗಿ ಆಂಗ್ಲ ಮಾಧ್ಯಮ ಶಾಲೆಗಳೂ ಈ ಕಟ್ಟಿನೊಳಗೇ ಬರುತ್ತವೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. 31ನೇ ಸೆಕ್ಷನ್ ಕೊಡುವ ಹಕ್ಕು, ಅಂದರೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ ತನ್ನ ಆಯ್ಕೆಯ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕು, ಶೇಕಡ 40 ಅಥವಾ ಅದಕ್ಕಿಂತ ಹೆಚ್ಚು ವಿಕಲತೆ ಪ್ರಮಾಣಿತವಾದ ಮಕ್ಕಳಿಗೆ ಮಾತ್ರ. ಆದರೆ 16ನೇ ಸೆಕ್ಷನ್‌ನ ಕರ್ತವ್ಯಗಳಿಗೆ ಶೇಕಡ 40ರ ಗೆರೆ ಇಲ್ಲ. ಪ್ರಮಾಣಪತ್ರದಲ್ಲಿ ಶೇಕಡ 30 ಎಂದು ಬಂದಿತೆಂದು ಮಗುವಿಗೆ ಮುಂದಿನ ಬೆಂಚು, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಹೆಚ್ಚು ವಿವರಣೆ ನಿರಾಕರಿಸಲು ಬರುವುದಿಲ್ಲ. ‘ಮೊದಲು ಸರ್ಟಿಫಿಕೇಟ್ ತನ್ನಿ, ಆಮೇಲೆ ಮಾತಾಡೋಣ’ ಎಂದು ಹೇಳಿಸಿಕೊಂಡು ಒಂದಿಡೀ ವರ್ಷ ಕಳೆದುಕೊಳ್ಳುವ ಪೋಷಕರು ಬಹಳ. ಅವರು ಈ ವ್ಯತ್ಯಾಸವನ್ನು ವಿನಯದಿಂದಲೇ, ಆದರೆ ಬಿಡದೆ ಎತ್ತಿ ತೋರಿಸಬೇಕು.

ಎರಡನೇ ಹಂತ: ಮಗುವನ್ನು ಗಮನಿಸಿ ಬರೆದಿಡುವುದು

ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ದಿನಾಂಕ ಹಾಕಿ ಕಂಡದ್ದನ್ನು ಬರೆಯಿರಿ, ತೀರ್ಪನ್ನಲ್ಲ. ‘ಇವನಿಗೆ ಗಮನವೇ ಇಲ್ಲ’ ಎಂದು ಬರೆದರೆ ಅದರಿಂದ ಯಾರಿಗೂ ಏನೂ ತಿಳಿಯದು. ‘ಸಂಜೆ ಹೋಮ್‌ವರ್ಕಿಗೆ ಕುಳಿತ, ಐದು ಲೆಕ್ಕದಲ್ಲಿ ಎರಡನ್ನು ಬಾಯಿಯಲ್ಲಿ ಸರಿಯಾಗಿ ಹೇಳಿದ, ಅದನ್ನೇ ಬರೆಯುವಾಗ ಅಂಕಿಗಳನ್ನು ತಿರುಗಿಸಿ ಬರೆದ, ಕುಕ್ಕರ್ ಕೂಗಿದಾಗ ಕಿವಿ ಮುಚ್ಚಿಕೊಂಡು ಎದ್ದು ಹೋದ’ ಎಂದು ಬರೆದರೆ ವೈದ್ಯರಿಗೂ ವಿಶೇಷ ಶಿಕ್ಷಕರಿಗೂ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ಮಗು ಚೆನ್ನಾಗಿ ಮಾಡುವುದನ್ನೂ ಅಷ್ಟೇ ಮುತುವರ್ಜಿಯಿಂದ ಬರೆಯಬೇಕು, ಏಕೆಂದರೆ ಕಲಿಕೆ ಶುರುವಾಗುವುದು ಅಲ್ಲಿಂದಲೇ.

ಮನೆಭಾಷೆಯ ವಿವರವನ್ನು ಮೊದಲ ಪುಟದಲ್ಲೇ ಬರೆಯುವುದು ನಮ್ಮ ಜಿಲ್ಲೆಯಲ್ಲಿ ಅನಿವಾರ್ಯ. ಕೊಡವ ತಕ್ಕ್, ಅರೆಭಾಷೆ, ಯರವರ ಮಾತು, ಜೇನುಕುರುಬರ ಮಾತು, ಮಲಯಾಳ, ತುಳು, ತಮಿಳು ಹೀಗೆ ಒಂದೇ ತರಗತಿಯಲ್ಲಿ ನಾಲ್ಕೈದು ಮನೆಮಾತುಗಳಿರುತ್ತವೆ. ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳೂ ಇದ್ದಾರೆ. ಶಾಲೆಯ ಕನ್ನಡ ಇನ್ನೂ ಹಿಡಿತಕ್ಕೆ ಬಾರದ ಮಗುವನ್ನು ಕನ್ನಡದಲ್ಲೇ ಪರೀಕ್ಷಿಸಿ ‘ಬುದ್ಧಿ ಬೆಳವಣಿಗೆ ಕಡಿಮೆ’ ಎಂದು ಬರೆದುಬಿಡುವ ಅಪಾಯವಿದೆ. ‘ಹೊಸ ಭಾಷೆ, ನಿಧಾನವಾಗಿ ಬರುತ್ತದೆ ಬಿಡಿ’ ಎಂದು ನಿಜವಾದ ತೊಂದರೆಯನ್ನು ಮೂರನೇ ತರಗತಿಯವರೆಗೆ ಕಾಣದೆ ಹೋಗುವ ಅಪಾಯವೂ ಅಷ್ಟೇ ಇದೆ. ಮನೆಮಾತಿನಲ್ಲಿ ಮಗು ಎಷ್ಟು ಪದ ಸೇರಿಸಿ ಮಾತಾಡುತ್ತದೆ, ಅಜ್ಜಿ ಹೇಳಿದ ಎರಡು ಕೆಲಸಗಳನ್ನು ಕ್ರಮವಾಗಿ ಮಾಡುತ್ತದೆಯೇ, ನೆರೆಮನೆಯ ಅದೇ ವಯಸ್ಸಿನ ಮಗುವಿಗೆ ಹೋಲಿಸಿದರೆ ಹೇಗೆ ಎಂಬುದನ್ನು ಬರೆದಿಟ್ಟರೆ ಎರಡನ್ನೂ ತಪ್ಪಿಸಬಹುದು. ಪರೀಕ್ಷೆಯ ದಿನ ಮನೆಮಾತು ಬಲ್ಲವರೊಬ್ಬರು ಜೊತೆಗಿರಲಿ ಎಂದು ಮುಂಚಿತವಾಗಿಯೇ ಕೇಳಿಕೊಳ್ಳಿ.

ಮೂರನೇ ಹಂತ: ತಪಾಸಣೆ ಮತ್ತು ಪ್ರಮಾಣಪತ್ರ

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಿಗೆ ಒಂದು ಸಲ ಭೇಟಿ ನೀಡಬೇಕೆಂಬ ನಿಯಮವಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಅದರ ವ್ಯಾಪ್ತಿ. ಆ ತಂಡ ಬರುವ ದಿನವನ್ನು ಅಂಗನವಾಡಿ ಕಾರ್ಯಕರ್ತೆಯಿಂದಲೋ ಶಾಲೆಯಿಂದಲೋ ತಿಳಿದುಕೊಂಡು ನೋಟ್‌ಬುಕ್ ಹಿಡಿದು ಹೋಗಿ. ಶಾಲೆಯಲ್ಲೇ ಮಾಡಬಹುದಾದ ಪ್ರಾಥಮಿಕ ಗುರುತಿಸುವಿಕೆಗೆ ಕೇಂದ್ರದ ಶೈಕ್ಷಣಿಕ ಸಂಶೋಧನಾ ಸಂಸ್ಥೆಯಾದ ಎನ್‌ಸಿಇಆರ್‌ಟಿ 2022ರಲ್ಲಿ ‘ಪ್ರಶಸ್ತ್’ ಎಂಬ ಆ್ಯಪ್ ಮತ್ತು ಪ್ರಶ್ನಾವಳಿಯನ್ನು ಹೊರತಂದಿದೆ. ಅದನ್ನು ತುಂಬಿಸಬೇಕೆಂದು ತರಗತಿ ಶಿಕ್ಷಕರನ್ನು ಕೇಳಬಹುದು.

ಆಳವಾದ ಪರೀಕ್ಷೆಗೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ಮೊದಲ ನೆಲೆ. ಮಾತು, ಭಾಷೆ, ಕಿವಿಗೆ ಸಂಬಂಧಿಸಿದ ತೊಂದರೆಗಳಿಗೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇಂಥ ಸಂಸ್ಥೆ ಇಷ್ಟು ಹತ್ತಿರದಲ್ಲಿರುವುದು ನಮ್ಮ ಜಿಲ್ಲೆಯ ಭಾಗ್ಯವೆಂದೇ ನಾನು ಭಾವಿಸುತ್ತೇನೆ. ಶಾಲೆಗೆ ಸೇರುವ ಮುಂಚಿನ ವಯಸ್ಸಿನಲ್ಲೇ, ತಾಯಂದಿರನ್ನು ಜೊತೆಗೆ ಕೂರಿಸಿಕೊಂಡು ತರಬೇತಿ ಕೊಡುವ ವ್ಯವಸ್ಥೆಯೂ ಅಲ್ಲಿದೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಮಾತ್ರ ಸಾಮಾನ್ಯವಾಗಿ 8 ವರ್ಷ ತುಂಬಿದ ಮೇಲೆಯೇ ಕೊಡುತ್ತಾರೆ. ಅದಕ್ಕೆ ಮುಂಚೆ ಓದುಬರಹದ ಸಹಾಯ ಆರಂಭಿಸಬಾರದು ಎಂದು ಇದರ ಅರ್ಥವಲ್ಲ.

ವಿಕಲತೆಯ ಪ್ರಮಾಣಪತ್ರ ಮತ್ತು ಯುಡಿಐಡಿ, ಅಂದರೆ ವಿಕಲಚೇತನರ ರಾಷ್ಟ್ರೀಯ ಗುರುತಿನ ಚೀಟಿಗೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಮನೆಯಲ್ಲಿ ಅನುಕೂಲವಿಲ್ಲದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕು ಪಂಚಾಯಿತಿಯ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಾಣಬೇಕು. ಈ ಅರ್ಜಿಗೆ ನೆರವಾಗುವುದು ಅವರ ಕೆಲಸದ ಭಾಗ. ಅರ್ಜಿಯಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ತಂದೆಯ ಹೆಸರು ಆಧಾರ್‌ನಲ್ಲಿರುವಂತೆಯೇ ಇರಬೇಕು. ಕೊಡವ ಕುಟುಂಬಗಳಲ್ಲಿ ಮನೆಹೆಸರು ಒಂದು ದಾಖಲೆಯಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ಬರೀ ಇನಿಷಿಯಲ್ ಆಗಿ ಬರುವುದು ಸಾಮಾನ್ಯ. ಶಾಲಾ ದಾಖಲೆ, ಆಧಾರ್, ಪ್ರಮಾಣಪತ್ರ ಮೂರರಲ್ಲೂ ಒಂದೇ ರೀತಿ ಇರುವಂತೆ ಈಗಲೇ ಸರಿಪಡಿಸಿಕೊಂಡರೆ ಎಸ್‌ಎಸ್‌ಎಲ್‌ಸಿ ಹೊತ್ತಿಗೆ ಓಡಾಟ ತಪ್ಪುತ್ತದೆ.

ಕುಟ್ಟ, ಬಾಳೆಲೆ, ಶನಿವಾರಸಂತೆ, ಕೊಡ್ಲಿಪೇಟೆ ಕಡೆಯಿಂದ ಮಡಿಕೇರಿಗೆ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆಯೇ. ಹೊರಡುವ ಮೊದಲು ಸಂಬಂಧಿಸಿದ ತಜ್ಞ ವೈದ್ಯರು ಯಾವ ದಿನ ಇರುತ್ತಾರೆ ಎಂದು ಪುನರ್ವಸತಿ ಕಾರ್ಯಕರ್ತರ ಮೂಲಕ ಕೇಳಿ ಖಚಿತಪಡಿಸಿಕೊಳ್ಳಿ.

ನಾಲ್ಕನೇ ಹಂತ: ಶಾಲಾ ದಾಖಲೆಯಲ್ಲಿ ಮಗುವನ್ನು ಗುರುತಿಸುವಂತೆ ಮಾಡುವುದು

ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,500 ರೂಪಾಯಿಯವರೆಗೆ ನೆರವು, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಶಿಷ್ಯವೇತನ ನಿಗದಿಯಾಗಿದೆ. ಸಾಧನ ಸಲಕರಣೆ, ಸಾರಿಗೆ ಭತ್ಯೆ, ಬೆಂಗಾವಲು ಭತ್ಯೆ, ಫಿಸಿಯೋಥೆರಪಿ, ವೈದ್ಯಕೀಯ ಮೌಲ್ಯಾಂಕನ ಶಿಬಿರ ಎಲ್ಲವೂ ಈ ಯೋಜನೆಯಿಂದಲೇ ಬರುತ್ತವೆ. ಆದರೆ ತೋಟದ ಚೆಕ್‌ರೋಲ್‌ನಲ್ಲಿ ಹೆಸರಿಲ್ಲದವನಿಗೆ ವಾರದ ಬಟವಾಡೆ ಸಿಗದಂತೆ, ಸ್ಯಾಟ್ಸ್ (ರಾಜ್ಯದ ವಿದ್ಯಾರ್ಥಿ ಮಾಹಿತಿ ಜಾಲ) ಮತ್ತು ಯುಡೈಸ್ (ದೇಶದ ಶಾಲಾ ಮಾಹಿತಿ ಜಾಲ) ದಾಖಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಗು ಎಂದು ನಮೂದಾಗದ ಮಗುವಿಗೆ ಇವು ಯಾವುವೂ ತಲುಪುವುದಿಲ್ಲ. ಮುಖ್ಯೋಪಾಧ್ಯಾಯರನ್ನು ಕಂಡು, ‘ಸಾರ್, ಸ್ಯಾಟ್ಸ್‌ನಲ್ಲಿ ನಮ್ಮ ಮಗುವಿನ ವಿವರ ಹೇಗೆ ನಮೂದಾಗಿದೆ, ಒಮ್ಮೆ ತೋರಿಸಿ’ ಎಂದು ಕೇಳಿ. ನಮೂದಾಗಿಲ್ಲದಿದ್ದರೆ ಯಾವ ದಿನದೊಳಗೆ ಮಾಡುತ್ತೀರಿ ಎಂದೂ ಕೇಳಿ. ತೋಟ ಬದಲಿಸಿ ಶಾಲೆ ಬದಲಿಸುವವರು ವರ್ಗಾವಣೆ ಪತ್ರದ ಜೊತೆಗೆ ಸ್ಯಾಟ್ಸ್ ಸಂಖ್ಯೆಯನ್ನೂ ಬರೆದುಕೊಂಡು ಹೋಗಬೇಕು.

ಇನ್ನು ಯಾರು ಏನು ಮಾಡುತ್ತಾರೆ ಎಂಬ ವಿಷಯ. ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿಯಲ್ಲಿ ಸಮನ್ವಯ ಶಿಕ್ಷಣಕ್ಕೆಂದೇ ಇರುವ ಸಂಪನ್ಮೂಲ ಶಿಕ್ಷಕರನ್ನು ಬಿಐಇಆರ್‌ಟಿ ಎಂದು ಕರೆಯುತ್ತಾರೆ. ಮಗುವಿಗೆ ನೇರವಾಗಿ ಕಲಿಸುವುದು, ತರಗತಿ ಶಿಕ್ಷಕರಿಗೆ ದಾರಿ ತೋರುವುದು, ಶಾಲೆಗೆ ಬರಲಾಗದ ಮಗುವಿನ ಮನೆಗೆ ಹೋಗುವುದು ಇವರ ಕೆಲಸ. ಒಬ್ಬೊಬ್ಬರ ಮೇಲೆ ಬಹಳಷ್ಟು ಶಾಲೆಗಳ ಭಾರವಿರುವುದರಿಂದ ಅವರನ್ನು ದೂರುವುದಕ್ಕಿಂತ ಅವರ ಭೇಟಿಯ ವೇಳಾಪಟ್ಟಿಯನ್ನು ಕೇಳಿ ಪಡೆಯುವುದು ಹೆಚ್ಚು ಫಲ ಕೊಡುತ್ತದೆ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದ ತೀರ್ಪಿನಲ್ಲಿ ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತವನ್ನು ಹೇಳಿತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಈ ಅನುಪಾತವನ್ನು ಉಲ್ಲೇಖಿಸಿ, ನಮ್ಮ ಕ್ಲಸ್ಟರಿಗೆ (ಹತ್ತಿರದ ಶಾಲೆಗಳ ಗುಂಪಿಗೆ) ಇನ್ನೊಬ್ಬ ಶಿಕ್ಷಕರು ಬೇಕೆಂದು ನಿರ್ಣಯ ಮಾಡಿಸಿ ಮೇಲಕ್ಕೆ ಕಳುಹಿಸಬಹುದು. ಒಬ್ಬ ತಾಯಿಯ ಅರ್ಜಿಗಿಂತ ಸಮಿತಿಯ ನಿರ್ಣಯಕ್ಕೆ ಕಚೇರಿಯಲ್ಲಿ ಹೆಚ್ಚು ತೂಕವಿದೆ.

ಐದನೇ ಹಂತ: ಅರ್ಜಿ ಬರೆಯುವುದು

ಇದು ಎಲ್ಲಕ್ಕಿಂತ ಮುಖ್ಯವಾದ ಹಂತವಾದ್ದರಿಂದ ಒಂದು ಮಾದರಿಯನ್ನೇ ಇಲ್ಲಿ ಕೊಡುತ್ತೇನೆ. ಬಿಳಿ ಹಾಳೆಯಲ್ಲಿ ಕೈಯಿಂದ ಬರೆದರೂ ಸಾಕು.

‘ಇವರಿಗೆ: ಮುಖ್ಯೋಪಾಧ್ಯಾಯರು, (ಶಾಲೆಯ ಹೆಸರು). ವಿಷಯ: ನಾಲ್ಕನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳಿಗೆ ಕಲಿಕೆಯಲ್ಲಿ ಬೆಂಬಲ ಒದಗಿಸುವ ಬಗ್ಗೆ.

ಮಾನ್ಯರೇ, ನನ್ನ ಮಗಳು ಪಾಠವನ್ನು ಕೇಳಿ ಅರ್ಥ ಮಾಡಿಕೊಳ್ಳುತ್ತಾಳೆ, ಬಾಯಿಯಲ್ಲಿ ಕೇಳಿದರೆ ಉತ್ತರ ಹೇಳುತ್ತಾಳೆ. ಕಪ್ಪುಹಲಗೆ ನೋಡಿ ಬರೆದುಕೊಳ್ಳಲು ಅವಳಿಗೆ ಇತರ ಮಕ್ಕಳಿಗಿಂತ ಬಹಳ ಹೆಚ್ಚು ಸಮಯ ಬೇಕಾಗುತ್ತದೆ, ಒತ್ತಕ್ಷರಗಳು ಬಿಟ್ಟುಹೋಗುತ್ತವೆ. ಕಳೆದ ಎರಡು ಕಿರುಪರೀಕ್ಷೆಗಳಲ್ಲಿ ಪೂರ್ತಿ ಬರೆಯಲು ಆಗಿಲ್ಲ. ಆದ್ದರಿಂದ ಅವಳನ್ನು ಹಲಗೆಗೆ ಎದುರಾಗಿ ಮುಂದಿನ ಸಾಲಿನಲ್ಲಿ ಕೂರಿಸಬೇಕೆಂದೂ, ಹಲಗೆಯ ಮೇಲಿನದನ್ನು ಬರೆದ ಹಾಳೆಯಲ್ಲಿ ಕೊಡಬೇಕೆಂದೂ, ಕಿರುಪರೀಕ್ಷೆಯಲ್ಲಿ ಅರ್ಧದಷ್ಟು ಪ್ರಶ್ನೆಗಳಿಗೆ ಬಾಯಿಯಲ್ಲಿ ಉತ್ತರಿಸಲು ಅವಕಾಶ ಕೊಡಬೇಕೆಂದೂ, ಬಿಐಇಆರ್‌ಟಿ ಅವರಿಂದ ಮೌಲ್ಯಮಾಪನ ಮಾಡಿಸಬೇಕೆಂದೂ ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 16ನೇ ಸೆಕ್ಷನ್ ಅನ್ವಯ ಕೋರುತ್ತೇನೆ. ಈ ಬಗ್ಗೆ ಮಾತನಾಡಲು 15 ದಿನಗಳೊಳಗೆ ಒಂದು ದಿನ ನಿಗದಿಪಡಿಸಿ ತಿಳಿಸಬೇಕಾಗಿ ವಿನಂತಿ.’

ಈ ಅರ್ಜಿಯಲ್ಲಿ ಕಾಯಿಲೆಯ ಹೆಸರೇ ಇಲ್ಲ ಎಂಬುದನ್ನು ಗಮನಿಸಿ. ‘ನನ್ನ ಮಗಳಿಗೆ ಡಿಸ್‌ಲೆಕ್ಸಿಯಾ ಇದೆ, ಸಹಾಯ ಮಾಡಿ’ ಎಂದು ಬರೆದರೆ ಏನು ಮಾಡಬೇಕೆಂದು ಶಿಕ್ಷಕರಿಗೆ ಹೊಳೆಯುವುದಿಲ್ಲ. ಎಲ್ಲಿ ಕೂರಿಸಬೇಕು, ಏನನ್ನು ಹಾಳೆಯಲ್ಲಿ ಕೊಡಬೇಕು ಎಂದು ಬರೆದರೆ ಅವರು ಮರುದಿನವೇ ಆರಂಭಿಸಬಹುದು. ಒಂದೇ ಸಲ ಹತ್ತು ಬೇಡಿಕೆ ಇಡದೆ, ಮಗುವಿನ ದಿನಕ್ಕೆ ಹೆಚ್ಚು ನೆರವಾಗುವ ಮೂರು ನಾಲ್ಕನ್ನು ಆರಿಸಿ.

ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಸಹಿ, ದಿನಾಂಕ, ಶಾಲೆಯ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಹಿಂಜರಿದರೆ ಜಗಳ ಬೇಡ. ಅದೇ ಅರ್ಜಿಯನ್ನು ಅಂಚೆ ಕಚೇರಿಯಿಂದ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ ರಸೀದಿಯನ್ನು ಪ್ರತಿಗೆ ಲಗತ್ತಿಸಿ. ಓದುಬರಹ ಬಾರದ ಪೋಷಕರು ಪುನರ್ವಸತಿ ಕಾರ್ಯಕರ್ತರಿಂದಲೋ ಆಶಾ ಕಾರ್ಯಕರ್ತೆಯಿಂದಲೋ ಬರೆಸಿ, ಓದಿಸಿ ಕೇಳಿದ ಮೇಲೆ ಹೆಬ್ಬೆಟ್ಟು ಒತ್ತಬಹುದು.

ಖಾಸಗಿ ಶಾಲೆಯವರು ‘ನಮ್ಮಲ್ಲಿ ವಿಶೇಷ ಶಿಕ್ಷಕರಿಲ್ಲ, ಬೇರೆ ಕಡೆ ನೋಡಿಕೊಳ್ಳಿ’ ಎಂದರೆ ಒಂದೇ ಮಾತು ಹೇಳಿ: ‘ಇದನ್ನು ಬರೆದು ಕೊಡಿ ಮೇಡಂ.’ ನಿರಾಕರಣೆಯನ್ನು ಕಾಗದದ ಮೇಲೆ ಕೊಡಲು ಮಾನ್ಯತೆ ಪಡೆದ ಶಾಲೆಗಳು ಸುಲಭಕ್ಕೆ ಮುಂದಾಗುವುದಿಲ್ಲ, ಮತ್ತು ಮಾತುಕತೆ ಬಹಳ ಸಲ ಅಲ್ಲಿಂದಲೇ ಬೇರೆ ದಿಕ್ಕಿಗೆ ತಿರುಗುತ್ತದೆ.

ಆರನೇ ಹಂತ: ಸಭೆ ಮತ್ತು ವೈಯಕ್ತಿಕ ಶಿಕ್ಷಣ ಯೋಜನೆ

ಸಭೆಗೆ ಒಬ್ಬರೇ ಹೋಗಬೇಡಿ. ತಂದೆ, ತಾಯಿ ಇಬ್ಬರೂ ಹೋಗಿ. ಆಗದಿದ್ದರೆ ಮಗುವಿನ ಚಿಕ್ಕಮ್ಮನೋ ಮಾವನೋ ಬರಲಿ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಬರೆದುಕೊಳ್ಳಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕೆಲಸ ಬಿಟ್ಟು ಬರುವುದು ಕಷ್ಟವಾದರೆ, ನಿಮಗೆ ರಜೆ ಇರುವ ದಿನಕ್ಕೋ ಬೆಳಗಿನ ಪ್ರಾರ್ಥನೆಗೆ ಮುಂಚಿನ ಹೊತ್ತಿಗೋ ಸಭೆ ಇಡುವಂತೆ ಕೇಳುವುದರಲ್ಲಿ ಸಂಕೋಚ ಬೇಡ.

ಸಭೆಯ ಕೊನೆಗೆ ವೈಯಕ್ತಿಕ ಶಿಕ್ಷಣ ಯೋಜನೆ ಒಂದು ಪುಟದಲ್ಲಾದರೂ ರೂಪುಗೊಳ್ಳಬೇಕು. ಮಗು ಈಗ ಏನು ಮಾಡಬಲ್ಲದು, ಮೂರು ತಿಂಗಳಲ್ಲಿ ಏನು ಮಾಡುವಂತಾಗಬೇಕು, ಅದಕ್ಕೆ ಯಾರು, ಯಾವಾಗ, ವಾರಕ್ಕೆ ಎಷ್ಟು ಹೊತ್ತು ಕಲಿಸುತ್ತಾರೆ, ಆಯಿತೋ ಇಲ್ಲವೋ ಎಂದು ಹೇಗೆ ನೋಡುತ್ತಾರೆ ಎಂಬುದು ಅದರಲ್ಲಿ ಇರಲೇಬೇಕು. ‘ಓದಿನಲ್ಲಿ ಸುಧಾರಣೆ ತರುವುದು’ ಗುರಿಯಲ್ಲ. ‘ಒತ್ತಕ್ಷರವಿಲ್ಲದ ಐದು ಸಾಲುಗಳನ್ನು ಸಹಾಯವಿಲ್ಲದೆ ಓದುವುದು’ ಗುರಿ. ‘ಬೇರೆ ಮಕ್ಕಳೊಂದಿಗೆ ಬೆರೆಯುವುದು’ ಎಂದು ಬರೆಯುವ ಬದಲು ‘ಬಿಸಿಯೂಟದ ಸಾಲಿನಲ್ಲಿ ತನ್ನ ಸರದಿ ಬರುವವರೆಗೆ ನಿಲ್ಲುವುದು’ ಎಂದು ಬರೆಯಬೇಕು. ತೀವ್ರ ಬೌದ್ಧಿಕ ವಿಕಲತೆ ಇರುವ ಮಗುವಿಗೆ ಶೌಚಾಲಯದ ಅಗತ್ಯವನ್ನು ಸನ್ನೆಯಿಂದ ತಿಳಿಸುವುದೇ ಆ ತ್ರೈಮಾಸಿಕದ ಅತಿ ಮುಖ್ಯ ಪಾಠವಾಗಿರಬಹುದು, ಮತ್ತು ಅದನ್ನು ಯೋಜನೆಯಲ್ಲಿ ಬರೆಯಲು ಯಾರೂ ನಾಚಬೇಕಾಗಿಲ್ಲ.

ಸಭೆ ಮುಗಿದ ಮರುದಿನ ‘ನಿನ್ನೆಯ ಸಭೆಯಲ್ಲಿ ಒಪ್ಪಿಕೊಂಡ ವಿಷಯಗಳು ಹೀಗಿವೆ’ ಎಂದು ನಾಲ್ಕು ಸಾಲು ಬರೆದು ಶಾಲೆಗೆ ಕೊಟ್ಟುಬಿಡಿ. ಯಾರೂ ಸಹಿ ಹಾಕದಿದ್ದರೂ ಅದು ದಾಖಲೆಯಾಗುತ್ತದೆ. ಶಿಕ್ಷಕರು ಮಾಡಿದ ಸಣ್ಣ ಒಳ್ಳೆಯ ಕೆಲಸವನ್ನೂ ಅದರಲ್ಲಿ ಹೆಸರಿಸಿ. ಅವರಿಗೆ ಅದು ಸಲ್ಲಬೇಕು.

ಏಳನೇ ಹಂತ: ಮಳೆ, ದಾರಿ, ಸಾಧನಗಳು

ಕೊಡಗಿನ ಮಕ್ಕಳ ಯೋಜನೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳನ್ನು ಬೇರೆಯಾಗಿಯೇ ಯೋಚಿಸಬೇಕು. ಮಳೆ ರಜೆಯಿಂದ ತಪ್ಪಿದ ಪಾಠವನ್ನು ಶಾಲೆಯು ಮುಂದೆ ಸರಿದೂಗಿಸುತ್ತದೆ, ಆದರೆ ತಪ್ಪಿಹೋದ ಫಿಸಿಯೋಥೆರಪಿಯನ್ನು, ಬಿಐಇಆರ್‌ಟಿ ಭೇಟಿಯನ್ನು ಸರಿದೂಗಿಸುವವರು ಇರುವುದಿಲ್ಲ. ಆ ಭೇಟಿಗಳಿಗೆ ಬದಲಿ ದಿನ ಕೊಡಬೇಕೆಂದು ಯೋಜನೆಯಲ್ಲೇ ಬರೆಸಿ, ಮನೆಯಲ್ಲಿ ಮಾಡಿಸಬೇಕಾದ ವ್ಯಾಯಾಮವನ್ನು ಮೇ ತಿಂಗಳ ಕೊನೆಗೇ ಕಲಿತಿಟ್ಟುಕೊಳ್ಳಿ.

ತೋಟದ ಕೆಸರು ದಾರಿಯಲ್ಲಿ ಗಾಲಿಕುರ್ಚಿ ಹೋಗುವುದಿಲ್ಲ, ಆನೆ ಓಡಾಡುವ ಕಡೆ ನಿಧಾನವಾಗಿ ನಡೆಯುವ ಮಗುವನ್ನು ಒಬ್ಬಂಟಿಯಾಗಿ ಕಳುಹಿಸಲು ಬರುವುದಿಲ್ಲ. ಸಾರಿಗೆ ಮತ್ತು ಬೆಂಗಾವಲು ಭತ್ಯೆಯ ಅರ್ಜಿಯಲ್ಲಿ ಮನೆಯಿಂದ ಶಾಲೆಗಿರುವ ದೂರವನ್ನು ಮಾತ್ರ ಬರೆಯದೆ ಈ ಸ್ಥಿತಿಯನ್ನೂ ಬಿಡಿಸಿ ಬರೆಯಿರಿ. ಬಸ್ಸಿನ ದಾರಿಯಲ್ಲಿರುವವರಿಗೆ ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸು ಇದೆ. ಅದು ವಾಸಸ್ಥಳದಿಂದ 100 ಕಿಲೋಮೀಟರ್ ವ್ಯಾಪ್ತಿಗೆ ಸಲ್ಲುತ್ತದೆ.

ಶ್ರವಣ ಸಾಧನ ಹಾಕುವ ಮಕ್ಕಳ ಮನೆಯವರಿಗೆ ಒಂದು ವಿಶೇಷ ಮಾತು. ನಮ್ಮ ಮಳೆಗಾಲದ ತೇವಕ್ಕೆ ಈ ಸಾಧನಗಳು ಬಹಳ ಬೇಗ ಕೆಡುತ್ತವೆ. ರಾತ್ರಿ ಮಲಗುವಾಗ ಸಾಧನವನ್ನು ಒಣಬಟ್ಟೆಯಿಂದ ಒರೆಸಿ, ಬ್ಯಾಟರಿ ತೆಗೆದು, ಬ್ಯಾಟರಿಯ ಬಾಗಿಲನ್ನು ತೆರೆದಿಟ್ಟು, ಸಿಲಿಕಾ ಜೆಲ್ ಇರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ಜೆಲ್ ಕಾಳಿನ ಬಣ್ಣ ಬದಲಾದರೆ ಅದು ತೇವ ತುಂಬಿಕೊಂಡಿದೆ ಎಂದರ್ಥ. ಬಟ್ಟೆ ಒಣಗಿಸುವಂತೆ ಸಾಧನವನ್ನು ಒಲೆಯ ಮೇಲೆ ಇಡಲೇಬಾರದು, ಬಿಸಿಯೂ ಹೊಗೆಯೂ ಅದನ್ನು ಹಾಳುಮಾಡುತ್ತವೆ. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ತರಗತಿ ಶಿಕ್ಷಕರಿಗೂ ಕೊಡಿ.

ಎಂಟನೇ ಹಂತ: ವಿಶೇಷ ಶಾಲೆಯೋ, ನೆರೆಯ ಶಾಲೆಯೋ, ಮನೆಯೋ

ಜಿಲ್ಲೆಯಲ್ಲಿ ಸುಂಟಿಕೊಪ್ಪದ ‘ಸ್ವಸ್ಥ’ ಕೇಂದ್ರ, ಪಾಲಿಬೆಟ್ಟದ ಚೆಶೈರ್ ಹೋಂ ವಿಶೇಷ ಶಾಲೆಯಂಥ ಸಂಸ್ಥೆಗಳಿವೆ. ಮಗುವನ್ನು ಎಲ್ಲಿ ಸೇರಿಸಬೇಕೆಂಬುದು ಕುಟುಂಬದ ನಿರ್ಧಾರ. ನೆರೆಯ ಶಾಲೆ ‘ಇವನು ನಮಗೆ ಆಗುವುದಿಲ್ಲ’ ಎಂದ ಕಾರಣಕ್ಕೆ ವಿಶೇಷ ಶಾಲೆಗೆ ಹೋಗುವಂತಾಗಬಾರದು. ಮಗುವಿಗೆ ಅಲ್ಲಿ ಹೆಚ್ಚು ಸಿಗುತ್ತದೆಂದು ನಿಮಗೆ ಮನದಟ್ಟಾದರೆ ಹೋಗಬೇಕು. ಒಂದು ಇಡೀ ದಿನ ಅಲ್ಲಿ ಕುಳಿತು ನೋಡಿ, ಮಕ್ಕಳ ಜೊತೆ ಹೇಗೆ ಮಾತನಾಡುತ್ತಾರೆ ಎಂಬುದನ್ನು ಗಮನಿಸಿ ತೀರ್ಮಾನಿಸಿ.

ಗೃಹಾಧಾರಿತ ಶಿಕ್ಷಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ನಿಜಕ್ಕೂ ಹಾಸಿಗೆ ಬಿಟ್ಟೇಳಲಾಗದ ಮಗುವಿಗೆ ಅದು ವರವಾಗುತ್ತದೆ, ಉಳಿದವರ ಪಾಲಿಗೆ ಅದು ಮಗುವನ್ನು ಶಾಲೆಯ ಕಣ್ಣಿನಿಂದ ಮರೆಮಾಡುವ ದಾರಿಯಾಗಬಾರದು. ಒಪ್ಪುವ ಮೊದಲು ಶಿಕ್ಷಕರು ಯಾವ ವಾರ ಎಷ್ಟು ಸಲ ಬರುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ, ಬಂದ ದಿನಗಳನ್ನು ನಿಮ್ಮ ನೋಟ್‌ಬುಕ್‌ನಲ್ಲಿ ಗುರುತಿಸಿ, ವಾರಕ್ಕೆ ಒಂದು ದಿನವಾದರೂ ಮಗು ಶಾಲೆಗೆ ಹೋಗುವ ಅಥವಾ ಬಿಆರ್‌ಸಿಯ ಶಾಲಾ ಸಿದ್ಧತಾ ಕೇಂದ್ರಕ್ಕೆ ಬರುವ ವ್ಯವಸ್ಥೆಯನ್ನು ಕೇಳಿ.

ಒಂಬತ್ತನೇ ಹಂತ: ಪಬ್ಲಿಕ್ ಪರೀಕ್ಷೆಗೆ ಮುಂಚಿತವಾಗಿ ಸಿದ್ಧರಾಗುವುದು

ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಹೆಚ್ಚುವರಿ ಸಮಯ, ಲಿಪಿಕಾರರ (ಮಗು ಹೇಳಿದ ಉತ್ತರವನ್ನು ಬರೆಯುವವರ) ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿ ಇವನ್ನು ಹೆಸರಿಸಿಯೇ ಹೇಳುತ್ತದೆ. ಲಿಖಿತ ಪರೀಕ್ಷೆಗಳ ಕುರಿತ ಕೇಂದ್ರ ಸರ್ಕಾರದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವನ್ನು ಸೂಚಿಸುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಇವುಗಳಿಗೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಗೆ ಮುಖ್ಯೋಪಾಧ್ಯಾಯರ ಮೂಲಕವೇ ಕೋರಿಕೆ ಹೋಗಬೇಕು. ಒಂಬತ್ತನೇ ತರಗತಿಯ ಆರಂಭದಲ್ಲೇ ಈ ಮಾತೆತ್ತಿ, ಆ ವರ್ಷದ ಶಾಲಾ ಪರೀಕ್ಷೆಗಳಲ್ಲೇ ಲಿಪಿಕಾರರೊಂದಿಗೆ ಬರೆಸಿ ರೂಢಿ ಮಾಡಿಸಿ. ಉತ್ತರವನ್ನು ಬಾಯಿಯಲ್ಲಿ ಹೇಳಿ ಬರೆಸುವುದು ತಾನೇ ಕಲಿಯಬೇಕಾದ ಒಂದು ವಿದ್ಯೆ. ಈ ವ್ಯವಸ್ಥೆಯಲ್ಲೂ ಆಗದ ಮಕ್ಕಳಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ವಿಷಯಗಳನ್ನು ಬಿಡಿಬಿಡಿಯಾಗಿ ಮುಗಿಸುವ ಅವಕಾಶವಿದೆ.

ಹತ್ತನೇ ಹಂತ: ಕೆಲಸವಾಗದಿದ್ದಾಗ ಮೇಲಕ್ಕೆ ಹೋಗುವುದು

ಅರ್ಜಿಗೆ ಉತ್ತರ ಬಾರದಿದ್ದರೆ ಒಂದು ನೆನಪೋಲೆ, ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ, ಆಮೇಲೆ ಮಡಿಕೇರಿಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಇದೇ ಕ್ರಮ. ಪ್ರತಿ ಮೇಲಿನ ಅರ್ಜಿಗೂ ಹಿಂದಿನ ಅರ್ಜಿಯ ಪ್ರತಿ ಜೊತೆಗಿರಲಿ. ವಿಕಲಚೇತನ ಮಕ್ಕಳ ಪ್ರವೇಶ ಮತ್ತು ಸೌಲಭ್ಯದ ವಿಷಯವನ್ನು ನೋಡಿಕೊಳ್ಳಲು ಜಿಲ್ಲಾ ಶಿಕ್ಷಣ ಕಚೇರಿಯಲ್ಲಿ ಒಬ್ಬ ನೋಡಲ್ ಅಧಿಕಾರಿ ಇರಬೇಕೆಂದು ವಿಕಲಚೇತನರ ಹಕ್ಕುಗಳ ಕಾಯ್ದೆಯಡಿಯ ಕೇಂದ್ರದ 2017ರ ನಿಯಮಗಳು ಹೇಳುತ್ತವೆ. ಅವರು ಯಾರೆಂದು ಕಚೇರಿಯಲ್ಲಿ ಕೇಳಿ, ಅವರ ಹೆಸರಿಗೇ ಬರೆಯಿರಿ.

ಏನು ಮಂಜೂರಾಗಿದೆ, ಏನು ತಲುಪಿಲ್ಲ ಎಂದು ತಿಳಿಯದಿದ್ದಾಗ ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕು. ‘ಈ ವರ್ಷ ನಮ್ಮ ಶಾಲೆಯ ಎಷ್ಟು ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಸಾರಿಗೆ ಭತ್ಯೆ ಮಂಜೂರಾಗಿದೆ, ಯಾವ ದಿನಾಂಕದಂದು ಪಾವತಿಯಾಗಿದೆ’ ಎಂಬಂಥ ಒಂದೆರಡು ನೇರ ಪ್ರಶ್ನೆಗಳು ಸಾಕು.

ಪ್ರವೇಶ ನಿರಾಕರಣೆ, ತಾರತಮ್ಯ, ಹೊಡೆತ ಬಡಿತದಂಥ ವಿಷಯವಾದರೆ ಜಿಲ್ಲಾ ಮಟ್ಟದಲ್ಲಿ ಕಾಯುತ್ತ ಕೂರಬೇಕಾಗಿಲ್ಲ. ಶಿಕ್ಷಣ ಹಕ್ಕಿನ ಉಲ್ಲಂಘನೆಗೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಬಹುದು. ತುರ್ತಾಗಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ವಿಕಲತೆಯ ಕಾರಣದ ಅನ್ಯಾಯಕ್ಕೆ ಬೆಂಗಳೂರಿನಲ್ಲಿರುವ ರಾಜ್ಯ ವಿಕಲಚೇತನರ ಆಯುಕ್ತರ ಕಚೇರಿಗೆ ಬರೆಯಬೇಕು. ವಿಚಾರಣೆಯಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳಿವೆ, ಮತ್ತು ಅವರು ಮಾಡಿದ ಶಿಫಾರಸಿನ ಮೇಲೆ ಏನು ಕ್ರಮ ಕೈಗೊಂಡಿರೆಂದು ಸಂಬಂಧಿಸಿದ ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕಾಗುತ್ತದೆ. ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಉಲ್ಲಂಘಿಸಿದವರಿಗೆ ಮೊದಲ ಸಲ 10,000 ರೂಪಾಯಿಯವರೆಗೆ, ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು 89ನೇ ಸೆಕ್ಷನ್‌ನಲ್ಲಿ ಅವಕಾಶವಿದೆ.

ವಕೀಲರ ಖರ್ಚಿಗೆ ಹೆದರಬೇಡಿ. ಮಹಿಳೆಯರು, ಮಕ್ಕಳು, ವಿಕಲಚೇತನರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವಿಗೆ ಅರ್ಹರು. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ.

ದೂರು ನಡೆಯುತ್ತಿರುವಾಗ ಮನಸ್ಸು ನೊಂದು ವರ್ಗಾವಣೆ ಪತ್ರ ಪಡೆದುಕೊಂಡು ಬಂದುಬಿಡಬೇಡಿ. ಹಾಗೆ ಮಾಡಿದರೆ ಪೋಷಕರೇ ಇಷ್ಟಪಟ್ಟು ಬಿಡಿಸಿಕೊಂಡರೆಂದು ಶಾಲೆ ಹೇಳಲು ದಾರಿಯಾಗುತ್ತದೆ. ಮಗುವಿನ ಸುರಕ್ಷತೆಗೆ ಅಪಾಯವಿಲ್ಲದ ತನಕ ಪ್ರತಿದಿನ ಶಾಲೆಗೆ ಕಳುಹಿಸಿ, ಹಾಜರಿ ಬೀಳುತ್ತಿದೆಯೇ ಎಂದು ವಾರಕ್ಕೊಮ್ಮೆ ವಿಚಾರಿಸಿ. ಅಪಾಯವಿದ್ದರೆ ಕಳುಹಿಸದಿರುವ ಕಾರಣವನ್ನು ಅದೇ ದಿನ ಮುಖ್ಯೋಪಾಧ್ಯಾಯರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ ಬರೆದು ತಿಳಿಸಿ.